ಕಾಲರಿನಲ್ಲಿ ಉಳಿದ ಸೂಜಿ

ಮೊಣಕಾಲಿನ ಮೇಲೆ ಜರಿದಾರದ ಒಂದು ತುಂಡು ಮಿನುಗುತ್ತಿದೆ, ಈಗಷ್ಟೇ ಕಾಲರ್ ಹೊಲಿದಾಗ ಅಂಟಿಕೊಂಡದ್ದು, ಕೊಡವಿದರೂ ಬೀಳುತ್ತಿಲ್ಲ, ಉಳಿದ ದಾರ ಸೂಜಿಯಲ್ಲಿತ್ತು — ಸೂಜಿ, ಸೂಜಿ ಎಲ್ಲಿ? ಹೊಲಿದಾದ ಮೇಲೆ ಎಡತೋಳಿಗೆ ಚುಚ್ಚಿಕೊಳ್ಳುವುದು ನನ್ನ ಅಭ್ಯಾಸ, ತೋಳು ತಡವಿದೆ, ಇಲ್ಲ, ಚೀಲದಲ್ಲಿದ್ದ ಡಬ್ಬಿ ತೆಗೆದು ನೋಡಿದೆ, ಇಲ್ಲ, ಹಾಗಾದರೆ ಕಾಲರಿನಲ್ಲೇ ಉಳಿದಿದೆ, ಕಾಲರ್ ಹುಡುಗಿಯ ಕುತ್ತಿಗೆಗಿದೆ, ಹುಡುಗಿ ವೇದಿಕೆಯ ಪರದೆಯ ಹಿಂದೆ, ನಾನು ಇಲ್ಲಿ, ಮುಂದಿನ ಸಾಲಿನಲ್ಲಿ, ಅವಳ ಅಜ್ಜಿಯ ಪಕ್ಕ, ದೇವರೇ. ಯಾಕೆ ಹಂಗೆ ಮೈಯೆಲ್ಲ ತಡಕ್ತಿದೀಯ, ಏನಾದ್ರೂ ಕಚ್ತಾ? ಅಜ್ಜಿ ಕೇಳಿದರು. ಏನಿಲ್ಲಮ್ಮ, ಸುಮ್ನೆ. ಇವರಿಗೆ ಹೇಳುವುದುಂಟೇ, ಸತ್ತ ಮಗಳ ಜಾಗಕ್ಕೆ ಬಂದವಳು ನಾನು, ಬಂದ ದಿನದಿಂದ ನನ್ನ ಮುಖ ಬಿಟ್ಟು ಕೈಯನ್ನೇ ನೋಡುವವರು, ಮಲತಾಯಿ ಸೂಜಿ ಇಟ್ಟಳು ಅನ್ನಲು ಇನ್ನೇನು ಬೇಕು, ಊರವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ, ಅವರು ಅನ್ನಲಿ ಬಿಡು — ಹುಡುಗಿಯೂ ನಂಬಿಬಿಟ್ಟರೆ? ಅದೇ ಜೀವ ಹಿಂಡುತ್ತಿರುವುದು. ನನ್ನಿಂದ ಒಂದು ಲೋಟ ನೀರೂ ಕೇಳದವಳು ಮೊನ್ನೆ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಳು, ಚಿಕ್ಕಮ್ಮ, ಕಾಸ್‌ಪ್ಲೇ ಇದೆ, ಈ ಸೇನಾಪತಿ ಕೋಟು ನಿಮ್ಮ ಕೈಲಿ ಆಗುತ್ತಾ? ಕಾರ್ಟೂನಿನವರ ವೇಷ ಹಾಕಿ ವೇದಿಕೆ ಹತ್ತುವುದಂತೆ, ಆಗುತ್ತಾ ಅಂತೆ! ಹಳೆಯ ಪರದೆ ಕತ್ತರಿಸಿದೆ, ಭುಜಕ್ಕೆ ಸ್ಪಂಜು ತುಂಬಿದೆ, ಬಾಟಲಿ ಮುಚ್ಚಳಗಳಿಗೆ ಬಣ್ಣ ಬಳಿದು ಪದಕ ಮಾಡಿದೆ, ಅಲ್ಲಮ್ಮಾ, ಯುದ್ಧವನ್ನೇ ನೋಡದ ಕೋಟಿಗೆ ಇಷ್ಟೊಂದು ಪದಕವಾ ಎಂದು ನಾನಂದಾಗ ನಕ್ಕಳು, ನನ್ನ ಎದುರು ಮೊದಲ ಸಲ ನಕ್ಕಳು. ಈಗಷ್ಟೇ ವೇದಿಕೆಯ ಪರದೆಯ ಹಿಂದೆ ಕಾಲರಿನ ಜರಿ ಬಿಚ್ಚಿಕೊಂಡಿತೆಂದು ಮೈಮೇಲಿದ್ದ ಹಾಗೆಯೇ ಹೊಲಿದೆ, ದಾರ ಕತ್ತರಿಸಲು ಸೂಜಿಯನ್ನು ಕಾಲರಿಗೇ ಚುಚ್ಚಿದೆ, ಕತ್ತರಿಸಿದೆ, ಅಷ್ಟರಲ್ಲಿ ಕರೆದರು, ಓಡಿದಳು, ಸೂಜಿಯೂ ಓಡಿತು. ಹೋಗಿ ಹೇಳಲೇ — ಸಭಾಂಗಣದ ದೀಪ ಆರಿತು, ತುತ್ತೂರಿ, ಅಯ್ಯೋ ಬಂದೇಬಿಟ್ಟಳು.

ಬೂಟು ಕುಟ್ಟುತ್ತಾ ನಡು ವೇದಿಕೆಗೆ ಬರುತ್ತಿದ್ದಾಳೆ, ಗಲ್ಲ ಮೇಲಕ್ಕೆ, ಕತ್ತು ಆ ಕಡೆ ಈ ಕಡೆ ತಿರುಗುತ್ತಿಲ್ಲ, ನೋಡೇ ನೋಡೇ, ಕತ್ತು ಹೆಂಗೆ ನೆಟ್ಟಗಿಟ್ಟವ್ಳೆ, ಥೇಟ್ ಮಿಲಿಟರಿ, ಅಜ್ಜಿಗೇನು ಗೊತ್ತು, ಚುಚ್ಚುತ್ತಿದೆ, ಅವಳಿಗೆ ಚುಚ್ಚುತ್ತಿದೆ, ಸೆಲ್ಯೂಟಿಗೆ ಕೈ ಎತ್ತಿದಳು, ಬೇಡ ಎಂದು ಎದ್ದು ನಿಂತುಬಿಟ್ಟೆ, ಹಿಂದಿನವರು ಕೂತ್ಕೊಳಮ್ಮ ಎನ್ನುತ್ತಿದ್ದಾರೆ, ಅವಳ ಕಣ್ಣು ನನ್ನ ಮೇಲೆ ನಿಂತಿತು. ಸೆಲ್ಯೂಟಿನ ಕೈ ಇಳಿಯಿತು, ಕಾಲರಿಗೆ ಹೋಯಿತು, ಎರಡು ಬೆರಳಲ್ಲಿ ಸೂಜಿಯನ್ನು ಮೆಲ್ಲಗೆ ಎಳೆಯಿತು, ಈಗ ಎತ್ತಿ ತೋರಿಸುತ್ತಾಳೆ, ನೋಡಿ ಇವಳು ಏನು ಮಾಡಿದ್ದಾಳೆ ಅನ್ನುತ್ತಾಳೆ — ಇಲ್ಲ, ಎದೆಯ ಪದಕಗಳ ಸಾಲಿನ ಕೊನೆಗೆ ಚುಚ್ಚಿಕೊಂಡಳು, ನನ್ನನ್ನು ನೋಡುತ್ತಲೇ, ಇನ್ನೊಮ್ಮೆ ಸೆಲ್ಯೂಟ್ ಹೊಡೆದಳು. ಅದೇನೇ ಅದು, ಇನ್ನೊಂದು ಪದಕನಾ, ಅಜ್ಜಿ ಚಪ್ಪಾಳೆ ತಟ್ಟುತ್ತಾ ಕೇಳುತ್ತಿದ್ದಾರೆ, ಕೂತ್ಕೊಳಮ್ಮ, ಕೂತ್ಕೊಳಮ್ಮ, ನಾನು ನಿಂತೇ ನೋಡುತ್ತಿದ್ದೇನೆ, ಬಾಟಲಿ ಮುಚ್ಚಳಗಳ ಪಕ್ಕದಲ್ಲಿ ಸೂಜಿ, ಅದರ ಕಣ್ಣಿನಿಂದ ಇಳಿಬಿದ್ದ ಗೇಣುದ್ದ ಜರಿದಾರ, ಅವಳ ಉಸಿರಿಗೆ ಏಳುತ್ತದೆ, ಇಳಿಯುತ್ತದೆ, ಸೂಜಿ ಅಲ್ಲಿದೆ.