ಎದುರು ಗಾಡಿಯ ಸೂಪು

ಆ ಬೀದಿಯಲ್ಲಿ ನೆಮ್ಮದಿಯಾಗಿ ಕೂತು ತಿನ್ನುವ ಯೋಗ ಇಲ್ಲದವರು ಯಾರಾದರೂ ಇದ್ದರೆ, ಅವರು ಅಲ್ಲಿ ಅಡುಗೆ ಮಾಡುವವರು. ತಿನ್ನಲು ಬಂದ ಜನಕ್ಕೆ ಇದು ಗೊತ್ತಾಗುವುದಿಲ್ಲ. ಅವರು ಕಾವಲಿಯ ಮೇಲಿರುವುದನ್ನು ನೋಡುತ್ತಾರೆಯೇ ಹೊರತು ಕಾವಲಿಯ ಹಿಂದಿರುವವರನ್ನಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಗಾಡಿಗೂ ಒಂದೊಂದು ಭಾಷೆ, ಒಂದೊಂದು ದೇವರು, ಒಂದೊಂದು ಬಗೆಯ ಹೊಗೆ. ಬೈಗುಳ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯದೂ ಬರುತ್ತಿತ್ತು.

ನಮ್ಮ ಕತೆಯ ಸೊಸೆಯದು ಮೊಟ್ಟೆ ರೊಟ್ಟಿಯ ಗಾಡಿ. ಹಿಂದೆ ಗೋಡೆ, ಮುಂದೆ ಕಾವಲಿ, ಎಡಕ್ಕೆ ಹಿಟ್ಟಿನ ಡಬ್ಬ, ಬಲಕ್ಕೆ ಸ್ಟೂಲಿನ ಮೇಲೆ ಅತ್ತೆ. ಬೆಳಕು ಹರಿಯುವಾಗ ಗಂಡ ಹಿಟ್ಟು, ಮೊಟ್ಟೆ ತಂದಿಳಿಸಿ ಮಲಗಲು ಹೋಗುತ್ತಿದ್ದ. ಅಲ್ಲಿಂದ ಮುಂದೆ ಸೊಸೆ ಆ ಗೇಣು ಜಾಗದಲ್ಲಿ ನಿಂತಳೆಂದರೆ ನಿಂತಳು. ಬಚ್ಚಲಿಗೆ ಹೋಗಬೇಕಾದರೂ ಅತ್ತೆ ನಿಟ್ಟುಸಿರು ಬಿಡುತ್ತ ಎದ್ದು, ಸ್ಟೂಲು ಎತ್ತಿ, ದಾರಿ ಬಿಡಬೇಕು. ಆ ನಿಟ್ಟುಸಿರಿಗೆ ಹೆದರಿ ಸೊಸೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಳು.

ಅದರ ಮೇಲೆ ಆ ಮನೆಗೊಂದು ಕಟ್ಟಳೆ ಬೇರೆ. ಮನೆಯವರು ಯಾರೂ ಬೀದಿಯ ಬೇರೆ ಗಾಡಿಯಲ್ಲಿ ತಿನ್ನಕೂಡದು. ಅತ್ತೆ ಇದನ್ನು ಸುಮ್ಮನೆ ಹುಟ್ಟಿಸಿದ್ದಲ್ಲ. ಹಿಂದೊಮ್ಮೆ ಮೈದುನ ಪಕ್ಕದ ಗಾಡಿಯಲ್ಲಿ ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದುದನ್ನು ಯಾರೋ ಪುಣ್ಯಾತ್ಮ ಫೋನಿನಲ್ಲಿ ಹಿಡಿದು, ಈ ರೊಟ್ಟಿ ಮನೆಯವರಿಗೇ ಬೇಡವಂತೆ ಎಂದು ಊರಿಗೆಲ್ಲ ಹಂಚಿದ್ದ. ಆ ಮಳೆಗಾಲ ಪೂರ್ತಿ ಇವರು ನೊಣ ಹೊಡೆಯುತ್ತ ಕೂತರು. ತಿಂದವನು ಬೇರೆ ಕೆಲಸ ಹಿಡಿದು ಹಾಯಾಗಿದ್ದಾನೆ. ಕಟ್ಟಳೆ ಮಾತ್ರ ಸೊಸೆಯ ಕೊರಳಿಗೆ ಬಿತ್ತು.

ಎದುರಿಗೆ ಸರಿಯಾಗಿ ಮೀನಿನ ಸೂಪಿನ ಅಜ್ಜಿಯ ಗಾಡಿ. ಸೊಸೆಯ ಭಾಷೆ ಬೇರೆ, ಅಜ್ಜಿಯದು ಬೇರೆ. ಆದರೂ ಬೆಂಕಿಪೊಟ್ಟಣ, ಚಿಲ್ಲರೆ, ಒಮ್ಮೊಮ್ಮೆ ಒಂದು ನಗು ರಸ್ತೆ ದಾಟಿ ಹೋಗಿ ಬರುತ್ತಿತ್ತು. ಗಿರಾಕಿ ಬಂದರೆ ಅಜ್ಜಿ ಮೊದಲು ಸ್ಟೂಲು ಒರೆಸುವಳು. ಕೂರಿಸುವಳು. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತಂದಿಟ್ಟು, ಮೊದಲ ಗುಟುಕು ಗಂಟಲಿಳಿಯುವ ತನಕ ಪಕ್ಕದಲ್ಲೇ ನಿಂತು ಅವರ ಮುಖ ನೋಡುವಳು. ಕೂಲಿಯವನಿಗೂ ಅದೇ, ಕೋಟು ತೊಟ್ಟವನಿಗೂ ಅದೇ.

ಸೊಸೆಗೆ ಸೂಪಿನ ಆಸೆ ಇತ್ತು, ಸುಳ್ಳೇಕೆ ಹೇಳಬೇಕು, ಗಾಳಿ ಇತ್ತ ಬೀಸಿದಾಗಲೆಲ್ಲ ಬಾಯಲ್ಲಿ ನೀರೂರುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ಆಸೆ, ಹಾಗೆ ಯಾರಾದರೂ ತನ್ನನ್ನು ಕೂರಿಸಿ ಬಡಿಸಬೇಕು ಎನ್ನುವುದು. ಮದುವೆಯಾಗಿ ಬಂದ ಮೇಲೆ ಅವಳಿಗೆ ಯಾರೂ ಬಡಿಸಿರಲಿಲ್ಲ. ಹರಿದು ಹೋದ ರೊಟ್ಟಿ, ಸೀದ ಅಂಚು, ಒಲೆಯ ಪಕ್ಕ ನಿಂತುಕೊಂಡೇ ನಾಲ್ಕು ತುತ್ತು, ಅಷ್ಟೇ ಅವಳ ಊಟ. ಒಂದು ಸಲ, ಒಂದೇ ಒಂದು ಸಲ ತಾನೂ ಗಿರಾಕಿಯಾಗಬೇಕು ಎಂದು ಅವಳು ಆಸೆಪಟ್ಟರೆ ಅದು ಅತಿಯಾಸೆಯೇ? ನನಗಂತೂ ಹಾಗನ್ನಿಸುವುದಿಲ್ಲ.

ಬಸ್ಸಿನ ಡ್ರೈವರೊಬ್ಬ ಎರಡೂ ಗಾಡಿಯ ಖಾಯಂ ಗಿರಾಕಿ. ಅಜ್ಜಿಯ ಭಾಷೆಯೂ ಅವನಿಗೆ ಬರುತ್ತಿತ್ತು. ಅಜ್ಜಿಯ ಮಂಡಿ ಕೈಕೊಟ್ಟಿದೆ, ಈ ವಾರಕ್ಕೆ ಮುಗಿಸುತ್ತಾಳಂತೆ, ಇವತ್ತೇ ಕೊನೆಯ ದಿನ ಎಂದು ಅವನೇ ಬಂದು ಹೇಳಿದ. ಸೊಸೆಯ ಕಾವಲಿಯ ಮೇಲಿದ್ದ ರೊಟ್ಟಿ ಸೀದು ಹೋಯಿತು. ಅತ್ತೆಯ ಕಣ್ಣು ತಪ್ಪಿಸಿ, ಒಂದು ಪಾರ್ಸೆಲ್ ತಂದುಕೊಡಣ್ಣ ಎಂದು ಅವನನ್ನು ಬೇಡಿಕೊಂಡಳು. ಅವನು ಹೋದಷ್ಟೇ ಬೇಗ ಬರಿಗೈಯಲ್ಲಿ ಬಂದ. ಅಜ್ಜಿ ಪಾರ್ಸೆಲ್ ಕೊಡುವವಳೇ ಅಲ್ಲ. ಸೂಪು ಬೇಕಾದವರು ಬಂದು ಕೂತು ಕುಡಿಯಲಿ, ಪ್ಲಾಸ್ಟಿಕ್ಕಿಗೆ ಹಾಕಿ ಕೊಲ್ಲಲು ನಾನೇನು ಕಟುಕಿಯೇ ಎಂದು ಅವನಿಗೇ ಮಂಗಳಾರತಿ ಮಾಡಿದ್ದಳಂತೆ. ಅತ್ತ ಅಜ್ಜಿಯ ಹಟ, ಇತ್ತ ಅತ್ತೆಯ ಕಟ್ಟಳೆ. ನಡುವೆ ಒಂದು ರಸ್ತೆ, ಅದೂ ಕೈಚಾಚಿದರೆ ಸಿಗುವಷ್ಟು ಅಗಲದ್ದು.

ಮಧ್ಯಾಹ್ನವೆಲ್ಲ ಅವಳು ರೊಟ್ಟಿ ಮಗುಚುತ್ತ ಎದುರಿನ ಪಾತ್ರೆಯನ್ನೇ ನೋಡಿದಳು. ಅಜ್ಜಿಯ ಸೌಟು ಮೊದಲು ಸಲೀಸಾಗಿ ಮುಳುಗುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅದು ತಳ ತಾಗುವ ಸದ್ದು ರಸ್ತೆಯಾಚೆಗೂ ಕೇಳತೊಡಗಿತು. ಇನ್ನು ಬಾಯಿ ಬಿಡದಿದ್ದರೆ ಬಾಯಿಗೆ ಮಣ್ಣೇ ಗತಿ ಎಂದು ಅವಳು ಒಲೆ ಸಣ್ಣ ಮಾಡಿದಳು.

"ಅತ್ತೆ, ನಾನು ಆ ಅಜ್ಜಿ ಹತ್ರ ಹೋಗಿ ಒಂದು ಬಟ್ಟಲು ಸೂಪು ಕುಡಿದು ಬರ್ತೀನಿ. ಬೈದ್ರೂ ಸರಿ."

ಆಕಾಶ ಕಳಚಿ ಬೀಳುವುದನ್ನೇ ಕಾಯುತ್ತ ಅವಳು ನಿಂತಳು. ಅತ್ತೆ ಬೈಯಲಿಲ್ಲ. ಎದ್ದಳು, ಸ್ಟೂಲು ಎತ್ತಿದಳು, ದಾರಿ ಬಿಟ್ಟಳು. ನಿಟ್ಟುಸಿರೂ ಬಿಡಲಿಲ್ಲ.

"ಹೋಗು. ಗಬಗಬ ಅಂತ ಕುಡೀಬೇಡ. ಏನೇನು ಹಾಕಿದಾಳೆ ನೋಡ್ಕೊಂಡು, ನಿಧಾನವಾಗಿ ಕುಡಿ."

ಸೊಸೆಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಹೆಂಗಸನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದೆನಲ್ಲ ಎಂದು ತನ್ನ ಮೇಲೇ ಬೇಸರವಾಯಿತು. ಸೆರಗಿಗೆ ಕೈ ಒರೆಸಿಕೊಂಡು ರಸ್ತೆ ದಾಟಿದಳು. ಪಕ್ಕದ ಗಾಡಿಯವರು ನೋಡಿದರು, ಕಾದು ನಿಂತ ಅವಳದೇ ಗಿರಾಕಿಗಳು ನೋಡಿದರು. ನೋಡಲಿ. ಅಜ್ಜಿ ಸ್ಟೂಲು ಒರೆಸಿದಳು. ಕೂರಿಸಿದಳು. ಎರಡೂ ಕೈಯಲ್ಲಿ ಬಟ್ಟಲು ತಂದಿಟ್ಟು ಪಕ್ಕದಲ್ಲೇ ನಿಂತಳು.

ಮೊದಲ ಗುಟುಕು ಒಳಗಿಳಿಯಿತು. ಶುಂಠಿಯ ಬಿಸಿ, ಹುಳಿಯ ಚುರುಕು, ಬಾಯಲ್ಲೇ ಕರಗುವ ಮೀನು. ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿದ್ದದ್ದು ಕಾಲಿಗೆ ಸಿಕ್ಕ ವಿಶ್ರಾಂತಿ. ತಾನೀಗ ಯಾರಿಗೂ ಏನೂ ಮಾಡಿಕೊಡಬೇಕಾಗಿಲ್ಲ ಎನ್ನುವುದೇ ಅವಳಿಗೆ ದೊಡ್ಡ ಸುಖವಾಗಿತ್ತು.

ಅಜ್ಜಿ ನಗುತ್ತ ಏನೋ ಹೇಳಿದಳು. ಪಾತ್ರೆ ತೋರಿಸಿದಳು, ಸೌಟು ತೋರಿಸಿದಳು, ಕೊನೆಗೆ ಸೊಸೆಯ ಎದೆಗೆ ಬೆರಳು ಮಾಡಿದಳು. ಪಕ್ಕದ ಸ್ಟೂಲಿನಲ್ಲಿ ಸೂಪು ಕುಡಿಯುತ್ತಿದ್ದ ಡ್ರೈವರ್ ತಲೆ ಎತ್ತಿದ.

"ಸೋಮವಾರದಿಂದ ಇದೆಲ್ಲ ನಿಂದೇ ಅಂತೆ ಕಣಮ್ಮ. ನಿಮ್ಮತ್ತೆ ಗಾಡಿ, ಪಾತ್ರೆ ಎಲ್ಲಾ ಮಾತಾಡಿ ತಗೊಂಡ್ರಂತಲ್ಲ. ನನ್ನ ರುಚಿ ಮಾತ್ರ ಕೆಡಿಸ್ಬೇಡ ಅಂತ ಹೇಳ್ತಿದಾಳೆ."

"ಮತ್ತೆ ರೊಟ್ಟಿ?"

ಅವನು ಅಜ್ಜಿಯನ್ನು ಕೇಳಿ, ಉತ್ತರ ಕೇಳಿಸಿಕೊಂಡು, ಹೇಳಲೋ ಬೇಡವೋ ಎನ್ನುವಂತೆ ಬಟ್ಟಲು ಕೆಳಗಿಟ್ಟ.

"ಬೆಳಗ್ಗೆ ರೊಟ್ಟಿ, ಮಧ್ಯಾಹ್ನದ ಮೇಲೆ ಸೂಪು. ಎರಡೂ ನೀನೇ ಅಂತೆ. ಯಾಕೆ, ಮನೇಲಿ ಹೇಳಿಲ್ವಾ?"

ಸೊಸೆ ರಸ್ತೆಯಾಚೆ ನೋಡಿದಳು. ಅತ್ತೆ ಸ್ಟೂಲಿನ ಮೇಲೆ ಕೂತು ಕತ್ತು ಚಾಚಿ ಇತ್ತಲೇ ನೋಡುತ್ತಿದ್ದಳು. ಆಗ ಸೊಸೆಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಟ್ಟಲಿನಲ್ಲಿ ಇನ್ನೂ ಅರ್ಧ ಇತ್ತು. ಇದೊಂದನ್ನಾದರೂ ಗಿರಾಕಿಯಾಗಿ ಕೂತು ಮುಗಿಸುತ್ತೇನೆ, ನಾಳೆಯದು ನಾಳೆಗೆ, ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಅಷ್ಟರಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದಳು. ಕೂರಲು ಜಾಗವಿರಲಿಲ್ಲ. ಅಜ್ಜಿ ಆಚೀಚೆ ನೋಡಿ, ಸೊಸೆಯ ಭುಜ ಮೆಲ್ಲಗೆ ತಟ್ಟಿ, ಕಣ್ಣಿನಲ್ಲೇ ಏಳು ಎಂದಳು. ಅದರಲ್ಲಿ ಒರಟುತನ ಎಳ್ಳಷ್ಟೂ ಇರಲಿಲ್ಲ. ಮನೆಯವರಿಗೆ ಹೇಳುವಂತೆ ಹೇಳಿದಳು, ಅಷ್ಟೇ.

ಸೊಸೆ ಎದ್ದಳು. ಅಜ್ಜಿ ಒರೆಸುವ ಬಟ್ಟೆಯನ್ನು ಅವಳ ಕೈಗಿತ್ತಳು. ಸೊಸೆ ಸ್ಟೂಲು ಒರೆಸಿ ಆ ಹೆಂಗಸನ್ನು ಕೂರಿಸಿದಳು, ಎರಡೂ ಕೈಯಲ್ಲಿ ಬಟ್ಟಲು ತಂದಿಟ್ಟಳು. ತನ್ನ ಪಾಲಿನ ಅರ್ಧ ಸೂಪನ್ನು ಪಾತ್ರೆಯ ಹಿಂದೆ ನಿಂತುಕೊಂಡು ಕುಡಿದಳು.