ಅಂಜೂರ ಎರಡು

ಕೊನೆಯ ಗುಂಡಿಯ ಕಾಜದ ಸುತ್ತ ಸೂಜಿ ಒಂದೊಂದೇ ಗಂಟು ಹಾಕುತ್ತ ಬರುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಅಪ್ಪ ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನಿಂತಿದ್ದ. ಇಬ್ಬರ ನಡುವೆ ಕುರ್ಚಿ ಖಾಲಿಯಿತ್ತು. ಅವನು ಬರುವ ದಿನ ಬೆಳಿಗ್ಗೆಯೇ ಅದನ್ನು ಒರೆಸಿ ಅಲ್ಲಿಡುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಮಡಚಿ ಉಳಿದವುಗಳ ಮೇಲಿಟ್ಟಳು.

"ಕೂತ್ಕೋ ಅಪ್ಪ. ಟೀ ಇಡ್ತೀನಿ."

"ಇರ್ಲಿ. ಅಂಗಡಿ ಬಾಗಿಲು ಹಾಗೇ ಬಿಟ್ಟು ಬಂದಿದೀನಿ."

ಪ್ರತಿ ವಾರವೂ ಅವನು ಅಂಗಡಿ ಬಾಗಿಲು ಹಾಗೇ ಬಿಟ್ಟು ಬಂದಿರುತ್ತಿದ್ದ. ಹೊಲಿದದ್ದನ್ನು ಚೀಲಕ್ಕೆ ತುಂಬಿಕೊಂಡು, ಹೊಸದಾಗಿ ಒಂದು ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, "ಚೀಟಿ ಜೇಬಲ್ಲಿದೆ" ಎಂದು ಹೊರಟ. ಕೋಟು ಕುರ್ಚಿಯ ಮೇಲೆ ಯಾರೋ ಕೂತಿರುವಂತೆ ಕಾಣುತ್ತಿತ್ತು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹನ್ನೊಂದು ವರ್ಷ ಅಪ್ಪನ ಹೊಲಿಗೆಯಂತ್ರದ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಜ ಹೊಲಿದಿದ್ದಳು. ಅವನು ಪೆಡಲು ತುಳಿದರೆ ಅವಳ ಮೊಣಕಾಲಿಗೂ ಆ ನಡುಕ ಬರುತ್ತಿತ್ತು. ಎದುರಿಗೇ ಇಸ್ತ್ರಿ ಅಂಗಡಿ. ಇಸ್ತ್ರಿಯವನನ್ನೇ ಮದುವೆಯಾಗುತ್ತೇನೆಂದು ಅವಳು ನೆಲ ನೋಡಿಕೊಂಡು ಹೇಳಿದ ದಿನ ಅಪ್ಪ ಯಂತ್ರ ನಿಲ್ಲಿಸಿ, "ಬಟ್ಟೆ ಕೊಟ್ಟಿದ್ದು ಸಾಲ್ದು ಅಂತ ಮಗಳನ್ನೂ ಕೊಡ್ಬೇಕಾ ಅವನಿಗೆ?" ಎಂದಿದ್ದ. ಮದುವೆಯಾಗಿ ಅವಳು ಊರಿನ ಆಚೆ ಬದಿಗೆ ಬಂದಳು. ಗಂಡನ ಅಂಗಡಿಯೂ ಮನೆಯ ಮುಂದಿನ ಕೋಣೆಗೇ ಬಂತು. ಮೊದಲ ವರ್ಷ ಅಪ್ಪ ಇತ್ತ ತಲೆಹಾಕಲಿಲ್ಲ. ಆಮೇಲೆ ಅವನಿಗೆ ಕಣ್ಣು ಮಂಜಾಗಿ ಕಾಜ ಹೊಲಿಯಲಾಗದೆ, ಬಟ್ಟೆಗಳನ್ನು ತಾನೇ ತರತೊಡಗಿದ. ಬರುತ್ತಿದ್ದ, ನಿಲ್ಲುತ್ತಿದ್ದ, ಹೋಗುತ್ತಿದ್ದ. ಒಂದು ಸಲವಾದರೂ ಕೂರಲಿಲ್ಲ.

"ಪ್ಯಾಂಟಿನ ಇಸ್ತ್ರಿ ಕೆಡುತ್ತೆ ಅಂತ ಭಯ ಇರ್ಬೇಕು ನಿಮ್ಮಪ್ಪಂಗೆ," ಎಂದು ಗಂಡ ನಗುತ್ತಿದ್ದ. "ಕೂರೋಕೆ ಹೇಳು. ಎದ್ಮೇಲೆ ಪುಕ್ಕಟೆ ಮಾಡ್ಕೊಡ್ತೀನಿ."

ಅವಳಿಗೆ ನಗು ಬರುತ್ತಿರಲಿಲ್ಲ. ಅಪ್ಪ ಒಂದು ಸಲ ಕೂತರೆ ಸಾಕು, ಕೋಪ ಹೋಯಿತೆಂದು ತಿಳಿದುಕೊಳ್ಳಬಹುದು ಎಂದುಕೊಂಡಿದ್ದಳು.

ಸಂಜೆ ಕೋಟಿನ ಜೇಬಿನಿಂದ ಚೀಟಿ ತೆಗೆದಳು. ಬೇರೆಯವರ ಬರಹ ಕೂಡಿಸಿ ಓದಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಅಪ್ಪನ ಚೀಟಿ ಮಾತ್ರ ಸಲೀಸು. ಬೆಚ್ಚಗೆ ೧೫, ದಿನಾ ೩. ಅಂಜೂರ ೨. ನಾರು ಜಾಸ್ತಿ. ಬಿಗಿ ಬೇಡ. ಬಹಳ ಕೂರಬಾರದು.

ಬೆಚ್ಚಗೆ ಎಂದರೆ ಒಳಪದರ ಇರಬೇಕು, ಅದು ಅಪ್ಪನ ಕೆಲಸ. ಹದಿನೈದೂ ದಿನಾ ಮೂರೂ ಏನೆಂದು ಹೊಳೆಯದೆ ಬಿಟ್ಟಳು. ಬಿಗಿ ಬೇಡ, ಸೊಂಟಕ್ಕೆ ಅಂಟಿ ಕೂರಬಾರದು ಎನ್ನುವ ಗಿರಾಕಿಗಳು ಎಷ್ಟೋ ಮಂದಿ. ಅವಳು ಗುಂಡಿಯ ಗುರುತುಗಳನ್ನು ಅರ್ಧ ಬೆರಳು ಹೊರಗೆ ಸರಿಸಿದಳು. ನಾರಿನ ದಪ್ಪ ದಾರ ಹುಡುಕಿದಳು. ಅಂಜೂರದ ಬಣ್ಣದ ಗುಂಡಿಗಾಗಿ ಡಬ್ಬಿಯನ್ನೆಲ್ಲ ನೆಲಕ್ಕೆ ಸುರುವಿ, ಎರಡನ್ನು ಆರಿಸಿದಳು.

ಮುಂದಿನ ವಾರ ಅಪ್ಪ ಕೋಟನ್ನು ಬೆಳಕಿಗೆ ಹಿಡಿದ. ಬೂದು ಬಟ್ಟೆಯ ಮೇಲೆ ಎರಡು ಗುಂಡಿ ಕೆನ್ನೇರಳೆಯಾಗಿ ಹೊಳೆದವು.

"ಇದೇನೇ ಇದು? ಇದನ್ನ ಹಾಕ್ಕೊಳ್ಳೋದು ಲೆಕ್ಕದ ಮೇಷ್ಟ್ರು, ಜಾದೂ ಮಾಡೋನಲ್ಲ."

"ನೀನೇ ಬರ್ದಿದ್ದೆ. ಅಂಜೂರ ಎರಡು ಅಂತ."

ಅಪ್ಪ ಕೈ ಚಾಚಿದ. ಚೀಟಿ ನೋಡುತ್ತಿದ್ದಂತೆ ಅವನ ಕಿವಿ ಕೆಂಪಾಯಿತು. ಒಂದು ಜೇಬು ತಡಕಿದ, ಇನ್ನೊಂದು ತಡಕಿದ. ಲೆಕ್ಕದ ಮೇಷ್ಟರ ಚೀಟಿ ಅವನ ಅಂಗಿಯ ಜೇಬಿನಲ್ಲೇ ನಾಲ್ಕು ಮಡಿಕೆಯಾಗಿ ಕೂತಿತ್ತು.

"ಇದು ಕೋಟಿಂದಲ್ಲ," ಎಂದ.

"ಮತ್ತೆ?"

"ಪಕ್ಕದ ಅಂಗಡಿ ಚಪ್ಪಲಿ ಹೊಲಿಯೋನು ಹೇಳಿ ಬರೆಸ್ದ. ಅವಂದೂ ಕೂತೇ ಮಾಡೋ ಕೆಲ್ಸ ನೋಡು. ಬೆಚ್ಚಗಿನ ನೀರಲ್ಲಿ ದಿನಾ ಮೂರು ಸಲ ಹದಿನೈದು ನಿಮಿಷ ಕೂತ್ರೆ ಉರಿ ಇಳಿಯುತ್ತೆ, ರಾತ್ರಿ ಅಂಜೂರ ನೆನೆಹಾಕಿ ಬೆಳಿಗ್ಗೆ ತಿನ್ನು ಅಂತ." ಅವನು ಬೀದಿ ಕಡೆ ತಿರುಗಿದ. "ಮೂಲವ್ಯಾಧಿ ಕಣೇ."

ಅವಳು ಚೀಟಿಯನ್ನು ಮತ್ತೆ ಮನಸ್ಸಿನಲ್ಲೇ ಓದಿಕೊಂಡಳು. ಬಹಳ ಕೂರಬಾರದು.

"ಎಷ್ಟು ದಿನದಿಂದ?"

"ಆಯ್ತು, ಹತ್ತಿರ ಹತ್ತಿರ ಒಂದು ವರ್ಷ. ಈಗ ಮಿಷನ್ನನ್ನೂ ನಿಂತೇ ತುಳೀತೀನಿ, ಒಂಟಿ ಕಾಲಲ್ಲಿ. ಮಕ್ಳು ನಿಂತು ನೋಡ್ತವೆ."

"ರಕ್ತ ಬೀಳುತ್ತಾ?"

"ಆಗೀಗ."

"ಹಾಗಾದ್ರೆ ಅಂಜೂರ ನೆಚ್ಕೊಂಡು ಕೂರೋದಲ್ಲ. ನಾಳೆ ನಾನೇ ಬರ್ತೀನಿ, ಡಾಕ್ಟ್ರ ಹತ್ರ ಹೋಗೋಣ."

"ಹೆಣ್ಣುಮಗಳನ್ನ ಕಟ್ಕೊಂಡು ಆ ಕಾಯಿಲೆಗಾ? ಸರಿ ಹೋಯ್ತು."

ಅಪ್ಪ ಈ ಮನೆಗೆ ಬರತೊಡಗಿ ಎಂಟು ತಿಂಗಳು. ಅಷ್ಟು ದಿನವೂ ಅವನು ನಿಂತದ್ದು ನೋವಿಗೆ. ಅವಳಿಗೆ ಎದೆ ಹಗುರಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಅದಕ್ಕೂ ಹಿಂದಿನ ವರ್ಷ ಬಾರದೆ ಇದ್ದದ್ದು ಯಾವ ಕಾಯಿಲೆಗೆ ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ.

ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ಬಚ್ಚಲಿನ ಅಗಲದ ಬೋಗುಣಿಯನ್ನು ತಿಕ್ಕಿ ತೊಳೆದಿಟ್ಟಳು. ಆಮೇಲೆ ಮುಂದಿನ ಕೋಣೆಗೆ ಹೋದಳು. ಮಾತೆಲ್ಲ ಕೇಳಿಸಿಕೊಂಡಿದ್ದ ಗಂಡ ಅವಳ ಮುಖ ನೋಡಿ ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. ಮೇಜಿಗೆ ಹಾಸಿದ್ದ ಕಂಬಳಿಯನ್ನು ತಾನೇ ಎಳೆದು ಕೊಟ್ಟ. ಅಲ್ಲಲ್ಲಿ ಕಂದಿದ್ದ, ವರ್ಷಗಳ ಬಿಸಿಗೆ ಮೆತ್ತಗಾದ ಕಂಬಳಿ. ಅದನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಅಂಗೈಯಿಂದ ಒತ್ತಿ ನೋಡಿದಳು. ಇನ್ನೂ ಬೆಚ್ಚಗಿತ್ತು.

ಅಪ್ಪ ಕಂಬಳಿ ನೋಡಿದ. ಅದು ಯಾರ ಮೇಜಿನದೆಂದು ಅವನಿಗೆ ಗೊತ್ತಿತ್ತು. ಕೋಟನ್ನು ಮುಖದ ಹತ್ತಿರ ತಂದು, ಕೆನ್ನೇರಳೆ ಗುಂಡಿಯ ಹಿಂದಿನ ಹೊಲಿಗೆಯನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಮೀಟಿ ನೋಡತೊಡಗಿದ. ಒಳಗೆ ನೀರು ಸದ್ದು ಮಾಡಲು ಶುರುವಾಯಿತು. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಸದ್ದಿರಲಿಲ್ಲ.

"ನೀರು ಕಾಯೋಕೆ ಐದೇ ನಿಮಿಷ," ಎಂದಳು ಅವಳು. "ಕೂತ್ಕೋ ಅಪ್ಪ."