ಡ್ಯಾಶ್‌ಬೋರ್ಡಿನ ಕಿತ್ತಳೆ ಮರ

ಜಪಾನಿನ ಗಾಮಾಗೋರಿ ಊರಿನ ಮೀಟರ್ ಕಂಪನಿಯಲ್ಲಿ ಹನ್ನೊಂದು ವರ್ಷ ಬಾಣದ ಗುರುತುಗಳನ್ನೇ ಬರೆದು ಬರೆದು ಚಿಜುರು ಮಾಕಿನೊಗೆ ಸಾಕುಸಾಕಾಗಿತ್ತು. ಹೈಬ್ರಿಡ್ ಕಾರಿನ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಎಂಜಿನ್ನಿನಿಂದ ಬ್ಯಾಟರಿಗೆ ಒಂದು ಬಾಣ, ಬ್ಯಾಟರಿಯಿಂದ ಚಕ್ರಕ್ಕೆ ಒಂದು, ಚಕ್ರದಿಂದ ವಾಪಸ್ ಬ್ಯಾಟರಿಗೆ ಇನ್ನೊಂದು. ಅವಳ ಬಾಣಗಳು ಲಕ್ಷಾಂತರ ಕಾರುಗಳಲ್ಲಿ ಕೂತು ದೇಶವೆಲ್ಲ ಸುತ್ತುತ್ತಿದ್ದವು. ಇವನ್ನು ಬರೆದವರು ಯಾರು ಎಂದು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ಕಟ್ಟಿಕೊಂಡ ಗಂಡನೇ ಹೊಸ ಕಾರು ತಂದ ದಿನ, "ಈ ಬಾಣಗಳನ್ನ ಆಫ್ ಮಾಡೋದು ಹೇಗೆ?" ಎಂದು ಅವಳನ್ನೇ ಕೇಳಿದ್ದ.

ಅಂಥವಳು ಆ ವರ್ಷ ಒಂದು ಮರ ನೆಟ್ಟಳು. ಪರದೆಯ ಮೇಲೇ ನೆಟ್ಟಳು. ಹೈಬ್ರಿಡ್ ಕಾರಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಚಕ್ರದ ಓಟ ವ್ಯರ್ಥವಾಗದೆ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ಗಬಕ್ಕನೆ ಒತ್ತಿದರೆ ಅದೆಲ್ಲ ಬಿಸಿಯಾಗಿ ಗಾಳಿಪಾಲು. ಇದನ್ನು ಜನರಿಗೆ ಬಾಣದಲ್ಲಿ ತೋರಿಸುವ ಬದಲು ಚಿಜುರು ಕಿತ್ತಳೆ ಗಿಡದಲ್ಲಿ ತೋರಿಸಿದಳು. ಒಂದೊಂದು ಮೆತ್ತನೆಯ ಬ್ರೇಕಿಗೆ ಒಂದೊಂದು ಹಸಿರು ಕಾಯಿ ಹಳದಿಗೆ ತಿರುಗಿ, ಕೆಂಪೇರಿ, ಹಣ್ಣಾಗುತ್ತದೆ. ಗಿಡದ ಹದಿನೆಂಟು ಕಾಯಿಯೂ ಹಣ್ಣಾದರೆ ಹದಿನೇಳು ಬುಟ್ಟಿಗೆ ಇಳಿಯುತ್ತವೆ, ಒಂದು ಮಾತ್ರ ತುದಿಯಲ್ಲಿ ಉಳಿಯುತ್ತದೆ. ಗಾಮಾಗೋರಿಯ ತೋಟಗಳಲ್ಲಿ ಮರವನ್ನು ಪೂರ್ತಿ ಬೋಳಿಸುವುದಿಲ್ಲ, ಹಕ್ಕಿಗೆಂದು ಒಂದು ಹಣ್ಣನ್ನು ತುದಿಯಲ್ಲಿ ಬಿಡುತ್ತಾರೆ. ಚಿಜುರುವಿನ ಮರಕ್ಕೂ ಒಂದು ಪಿಕಳಾರ ಹಾರಿ ಬಂದು ಆ ಹಣ್ಣನ್ನು ಕುಕ್ಕುತ್ತಿತ್ತು. ಆದರೆ ಒಂದೂ ತಪ್ಪಿಲ್ಲದೆ ಓಡಿಸಿದವರಿಗೆ ಮಾತ್ರ.

ಆಫೀಸಿಗೆ ಆಫೀಸೇ ಹುಚ್ಚೆದ್ದಿತು. ಪ್ರಯೋಗದ ಕೋಣೆಯಲ್ಲಿ ಇಟ್ಟಿದ್ದ ನಕಲಿ ಕಾರಿನ ಮುಂದೆ ಊಟದ ಬಿಡುವಿನಲ್ಲಿ ಸಾಲು ನಿಂತಿತು. ಲೆಕ್ಕಪತ್ರ ವಿಭಾಗದ ಗಂಭೀರ ಹೆಂಗಸು ಹದಿನಾರನೆಯ ಹಣ್ಣಿನಲ್ಲಿ ಎಡವಿ ಸ್ಟಿಯರಿಂಗಿಗೆ ಗುದ್ದಿದಳು. ವಿಭಾಗದ ಮುಖ್ಯಸ್ಥ ತೊಬಿಮಾತ್ಸುವಂತೂ ಹಕ್ಕಿ ಕಂಡ ದಿನ ಎಲ್ಲರಿಗೂ ಬನ್ನು ಹಂಚಿದ. ಚಿಜುರುವಿನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಶುಕ್ರವಾರ ಕಂಪನಿಯ ಯಜಮಾನರೇ ಬಂದು ಓಡಿಸಿ ನೋಡುವುದು, ಅವರು ಹೂಂ ಎಂದರೆ ವಸಂತಕ್ಕೆ ಎರಡು ಲಕ್ಷ ಕಾರುಗಳಲ್ಲಿ ಅವಳ ಮರ. ಹನ್ನೊಂದು ವರ್ಷಕ್ಕೆ ಮೊದಲ ಸಲ ಅವಳ ಕೈಕೆಲಸವನ್ನು ಜನ ನೋಡುತ್ತಾರೆ!

ಜನ ನೋಡುತ್ತಾರೆ ಎಂಬುದೇ ಉಸುಯಿಯ ತಕರಾರು. ಈ ಉಸುಯಿ ಸುರಕ್ಷತಾ ಪರೀಕ್ಷೆಯವನು, ತೆಳ್ಳನೆಯ ಆಸಾಮಿ. ಯಾರಾದರೂ ಓಡಿಸಲು ಕೂತರೆ ಇವನು ರಸ್ತೆಯನ್ನೂ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ, ಓಡಿಸುವವರ ಕಣ್ಣುಗುಡ್ಡೆಯನ್ನೇ ನೋಡುತ್ತಾನೆ. ಕಣ್ಣು ರಸ್ತೆ ಬಿಟ್ಟು ಎರಡು ಸೆಕೆಂಡಿಗಿಂತ ಹೆಚ್ಚು ಬೇರೆಡೆ ನಿಂತರೆ ಅವನ ಸಹಿ ಬೀಳದು.

"ಮೂರೂವರೆ ಸೆಕೆಂಡು, ಮಾಕಿನೊ ಸಾನ್," ಎಂದ ಉಸುಯಿ ಸೋಮವಾರ, ಕಾಗದ ಮುಂದೆ ಹಿಡಿದು. "ಹಕ್ಕಿ ಬಂದಾಗ ಐದು. ನಿಮ್ಮ ಮರ ಹಣ್ಣು ಬಿಡ್ತಾ ಇದೆ, ಓಡ್ಸೋರು ರಸ್ತೆ ಬಿಡ್ತಾ ಇದಾರೆ."

"ಆ ಡಬ್ಬಿ ಕಾರಲ್ಲಿ ನೋಡಕ್ಕೆ ಬೇರೆ ಏನಿದೆ ಹೇಳಿ? ಗೋಡೆ ಮೇಲೆ ಒಂದು ಬಣ್ಣಗೆಟ್ಟ ರಸ್ತೆ! ನಾನೇ ಕೂತ್ರೂ ಮರಾನೇ ನೋಡ್ತೀನಿ."

"ಅದನ್ನೇ ನಾನೂ ಹೇಳ್ತಿರೋದು."

"ನಿಜವಾದ ರಸ್ತೇಲಿ ನಿಜವಾದ ಮನುಷ್ಯರು ಇದ್ರೆ ಯಾರಿಗಾದ್ರೂ ಕಾಣದೆ ಇರತ್ತಾ? ಜನರನ್ನ ಏನಂದ್ಕೊಂಡಿದೀರಿ ನೀವು?"

"ಜನ ಅಂದ್ಕೊಂಡಿದೀನಿ," ಎಂದ ಉಸುಯಿ.

ಚಿಜುರುವಿಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಪಂಥ ಕಟ್ಟಿದಳು. ಶುಕ್ರವಾರ ಕಂಪನಿಯ ಪರೀಕ್ಷಾ ರಸ್ತೆಯ ಮೂರನೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸುವುದು, ಯಜಮಾನರಿಗೆ ಮೊದಲೇ ಹೇಳದಿರುವುದು. "ಅವರಿಗೆ ಆ ಮನುಷ್ಯ ಕಾಣದೆ ಹೋದ್ರೆ ಮರಾನ ನಾನೇ ಕಡೀತೀನಿ. ಕಂಡ್ರೆ ನೀವು ತೆಪ್ಪಗೆ ಸಹಿ ಹಾಕ್ಬೇಕು."

"ಯಾರನ್ನ ನಿಲ್ಲಿಸ್ತೀರಿ?"

"ಓಗಿಸೊ ಸಾನ್‌ನ!"

ಉಸುಯಿಗೂ ನಗು ತಡೆಯಲಾಗಲಿಲ್ಲ. ಓಗಿಸೊ ಫುಸಾಎ ಎಂದರೆ ಹೊಸ ಪರದೆಗಳನ್ನು ಓಡಿಸಿ ನೋಡಲು ಕಂಪನಿ ಕರೆಸುತ್ತಿದ್ದ ಹಿರಿಯರಲ್ಲೊಬ್ಬಳು, ಎಪ್ಪತ್ತೆರಡರ ಹೆಂಗಸು. ನಲವತ್ತು ವರ್ಷ ಪ್ರವಾಸಿ ಬಸ್ಸುಗಳಲ್ಲಿ ಗೈಡ್ ಆಗಿ ಬಾವುಟ ಹಿಡಿದು, ಹಾಡಿ, ಬಸ್ಸು ಹಿಂದಕ್ಕೆ ಸರಿಯುವಾಗ ಸೀಟಿ ಊದಿ ನಿವೃತ್ತಳಾದವಳು. ಅವಳು ಕ್ಯಾಂಟೀನಿಗೆ ಬಂದರೆ ಮೂರು ಮೇಜಿನಾಚೆಯವರಿಗೂ ಅವಳ ಮೊಣಕಾಲು ನೋವಿನ ಸಮಾಚಾರ ತಲುಪುತ್ತಿತ್ತು.

ವಿಷಯ ತಿಳಿದದ್ದೇ ಓಗಿಸೊ ಎದ್ದು ನಿಂತಳು. "ನನ್ನ ನೋಡದೆ ಹೋಗೋದಾ? ಮಗಳೇ, ಕೇಳಿಲ್ಲಿ. ಫ್ಯೂಜಿ ಪರ್ವತ ಕಿಟಕೀಲಿ ಬಂದು ನಿಂತಿದ್ರೂ ನನ್ನ ಬಸ್ಸಿನ ಜನ ನನ್ನೇ ನೋಡ್ತಿದ್ರು. 'ಸ್ವಾಮಿ, ಸ್ವಲ್ಪ ಬೆಟ್ಟಾನೂ ನೋಡಿ' ಅಂತ ನಾನೇ ಬೇಡ್ಕೋಬೇಕಾಗಿತ್ತು!"

"ಸುಮ್ನೆ ರಸ್ತೆ ಪಕ್ಕ ನಿಂತ್ರೆ ಸಾಕು, ಓಗಿಸೊ ಸಾನ್. ಬೇರೆ ಏನೂ ಮಾಡಬೇಡಿ."

"ಸುಮ್ನೆ ನಿಲ್ಲೋದು ಹೇಗೆ ಅಂತ ನಂಗೆ ಯಾರೂ ಕಲಿಸಿಲ್ಲ ಕಣಮ್ಮ."

ಶುಕ್ರವಾರ ಮಧ್ಯಾಹ್ನ ಅವಳು ಬಂದದ್ದು ಹಳೆಯ ಸಮವಸ್ತ್ರದಲ್ಲಿ: ಕಡುಕೆಂಪು ಕೋಟು, ಕೆಂಪು ಟೋಪಿ, ಬಿಳಿ ಕೈಗವಸು, ಕೈಯಲ್ಲಿ ಹಳದಿ ಬಾವುಟ. ಕೋಟಿನ ಗುಂಡಿ ಹೊಟ್ಟೆಯ ಹತ್ತಿರ ಸೇರದೆ ಪಿನ್ನು ಚುಚ್ಚಿದ್ದಳು. ಕುರುಡರಿಗೂ ಕಾಣುವ ಹಾಗಿದ್ದಳು. ಚಿಜುರು ತಾನೇ ಅವಳನ್ನು ಮೂರನೆಯ ತಿರುವಿಗೆ ಕರೆದೊಯ್ದು, ದೀಪದ ಕಂಬದ ಪಕ್ಕ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ ತೃಪ್ತಳಾಗಿ ಬಂದಳು. ಗೆದ್ದೆ ಎಂದುಕೊಂಡಳು. ಉಸುಯಿಯ ಸಹಿ ಹೇಗಿರುತ್ತದೆ ಎಂದೂ ಕಲ್ಪಿಸಿಕೊಂಡಳು.

ಯಜಮಾನ ಶಿರಾಕಿಯವರಿಗೆ ಎಪ್ಪತ್ತು ದಾಟಿತ್ತು. ಬಂದವರೇ ಕೋಟು ಬಿಚ್ಚಿ ಚಾಲಕನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಚಿಜುರು, ಹಿಂದಿನ ಸೀಟಿನಲ್ಲಿ ತೊಬಿಮಾತ್ಸು. ಉಸುಯಿ ಗಡಿಯಾರ ಹಿಡಿದು ಹೊರಟ ಜಾಗದಲ್ಲೇ ನಿಂತ.

"ಎಲ್ಲಿ ನಿಮ್ಮ ಮರ? ಓಹೋ! ಇದಾ? ಎಲೆ ಅಲ್ಲಾಡ್ತಾ ಇದೆ ಕಣ್ರೀ!" ಎಂದರು ಯಜಮಾನರು.

ಮೊದಲ ತಿರುವಿನ ಹೊತ್ತಿಗೆ ಐದು ಹಣ್ಣು. ಯಜಮಾನರು ಬ್ರೇಕನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತುತ್ತಿದ್ದರು. ಎರಡನೆಯ ತಿರುವಿಗೆ ಹನ್ನೊಂದು. "ಅಯ್ಯಯ್ಯೋ, ಮೇಲಿಂದು ಹಳದಿ ಆಯ್ತು, ಹಳದಿ ಆಯ್ತು!" ಎಂದು ಹಿಂದಿನಿಂದ ತೊಬಿಮಾತ್ಸು ಕೂಗಿದ. ಚಿಜುರು ಗಟ್ಟಿಯಾಗಿ ನಿರ್ಧಾರ ಮಾಡಿದ್ದಳು: ಮೂರನೆಯ ತಿರುವಿನಲ್ಲಿ ಓಗಿಸೊ ಕಂಡ ಕ್ಷಣ ಯಜಮಾನರ ಮುಖ ನೋಡಬೇಕು, ಅವರ ಕಣ್ಣು ಅತ್ತ ಹೊರಳಿದ್ದನ್ನು ಉಸುಯಿಗೆ ಹೇಳಬೇಕು.

ಹದಿನಾಲ್ಕು. ಹದಿನೈದು. ಕಾರು ನಡಿಗೆಯ ವೇಗಕ್ಕಿಳಿಯಿತು. ಹದಿನಾರಾದಾಗ ಯಜಮಾನರು ಉಸಿರು ಬಿಗಿಹಿಡಿದರು, ಹದಿನೇಳಾದಾಗ ಮೂವರೂ ಬಿಗಿಹಿಡಿದರು. ರಸ್ತೆ ಮೆಲ್ಲಗೆ ಬಾಗಿತು, ಕಾಲು ಮೆಲ್ಲಗೆ ಒತ್ತಿತು, ಹದಿನೆಂಟನೆಯ ಕಾಯಿಯ ಕೆನ್ನೆ ಕೆಂಪಾಗತೊಡಗಿತು. ಕೆಂಪಾಯಿತು! ಹದಿನೇಳು ಹಣ್ಣು ದುಡುದುಡು ಬುಟ್ಟಿಗುರುಳಿದವು. ಪರದೆಯ ಮೂಲೆಯಿಂದ ಪಿಕಳಾರ ರೆಕ್ಕೆ ಬಡಿಯುತ್ತ ಬಂದು ತುದಿಗೆ ಕೂತು, ಕತ್ತು ಓರೆ ಮಾಡಿ, ಹಣ್ಣು ಕುಕ್ಕಿತು. ಟಕ್, ಟಕ್, ಟಕ್. ಆ ಸದ್ದು ಕೇಳಿ ಚಿಜುರುವಿನ ಕಣ್ಣಲ್ಲಿ ನೀರೇ ಬಂತು. ಹಕ್ಕಿಗೆ ಅವಳು ಸದ್ದು ಕೊಟ್ಟಿರಲಿಲ್ಲ. ಧ್ವನಿ ವಿಭಾಗದ ಹುಡುಗರು ಅವಳಿಗೂ ಹೇಳದೆ ಗುಟ್ಟಾಗಿ ಸೇರಿಸಿದ್ದಾರೆ, ಎಷ್ಟು ಒಳ್ಳೆಯ ಹುಡುಗರು!

"ಬಂತೂ! ಹಕ್ಕಿ ಬಂತೂ!" ಯಜಮಾನರು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿದರು. ತೊಬಿಮಾತ್ಸು ಹಿಂದಿನಿಂದ ಅವರ ಭುಜ ಹಿಡಿದು ಅಲ್ಲಾಡಿಸಿದ. ಕಂಪನಿಯ ಚರಿತ್ರೆಯಲ್ಲಿ ಯಾರೂ ಯಜಮಾನರನ್ನು ಹಾಗೆ ಮುಟ್ಟಿದ್ದಿಲ್ಲ. ಮೂವರೂ ಕೇಕೆ ಹಾಕುತ್ತಲೇ ಸುತ್ತು ಮುಗಿಸಿ ಕಾರಿನಿಂದಿಳಿದರು.

"ಓಗಿಸೊ ಸಾನ್ ಹೇಗಿದ್ರು?" ಎಂದ ಉಸುಯಿ.

ಯಜಮಾನರು ಸುತ್ತ ನೋಡಿದರು. "ಯಾವ ಓಗಿಸೊ?"

ಚಿಜುರುವಿನ ನಗು ಬಾಯಲ್ಲೇ ನಿಂತಿತು. ತಕ್ಷಣ ಸಾವರಿಸಿಕೊಂಡಳು. "ಅವರು ಅಲ್ಲಿರಲಿಲ್ಲ, ಉಸುಯಿ ಸಾನ್. ಟಾಯ್ಲೆಟ್ಟಿಗೆ ಹೋಗಿರಬೇಕು, ವಯಸ್ಸಾದವರು. ಪಂಥ ಲೆಕ್ಕಕ್ಕಿಲ್ಲ, ಇನ್ನೊಂದು ಸುತ್ತು ಹೋಗೋಣ."

"ಇರಲಿಲ್ಲ ಅಂತ ಖಾತ್ರೀನಾ?"

"ಅವರನ್ನ ಅಲ್ಲಿ ನಿಲ್ಲಿಸಿದೋಳೇ ನಾನು! ಎಲ್ಲಿ ನೋಡಬೇಕು ಅಂತ ನಂಗೆ ಗೊತ್ತಿಲ್ವಾ?"

ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಕೆಂಪಗೆ ಏನೋ ಬರುವುದು ಕಂಡಿತು. ಟೋಪಿ ಕೈಯಲ್ಲಿತ್ತು, ಪಿನ್ನು ಕಿತ್ತು ಕೋಟು ಹಾರುತ್ತಿತ್ತು, ಬಾವುಟದ ಕೋಲು ಎರಡು ತುಂಡಾಗಿತ್ತು.

"ಕಣ್ಣೇನು ಬಾಡಿಗೆಗೆ ಕೊಟ್ಟಿದೀರಾ!" ಓಗಿಸೊ ದೂರದಿಂದಲೇ ಶುರು ಮಾಡಿದಳು. "ನಿಂತೆ. ಯಾರೂ ನೋಡಲಿಲ್ಲ. ಬಾವುಟ ಬೀಸಿದೆ. ನೋಡಲಿಲ್ಲ. ಸೀಟಿ ಊದಿದೆ, ಹಾಡಿದೆ, ಈ ಮೊಣಕಾಲು ಇಟ್ಕೊಂಡು ಕುಣಿದೆ! ಮೂರು ಜನ ಬಾಯಿ ಬಿಟ್ಕೊಂಡು ಎಲ್ಲೋ ನೋಡ್ತಾ ಕೂತಿದೀರಿ. ಕೊನೆಗೆ ಕಾರಿನ ಪಕ್ಕಾನೇ ನಡ್ಕೊಂಡು ಬಂದು, ಇವಳ ಕಿಟಕಿಗೆ ಕೋಲಲ್ಲಿ ಬಡಿದೆ, ಮೂರು ಸಲ. ಕೋಲು ಮುರೀತು. ಇವಳು ನಗ್ತಾ ಇದ್ಲು!"

"ಬಡಿದ್ರಾ?" ಎಂದಳು ಚಿಜುರು.

"ಟಕ್ ಟಕ್ ಟಕ್ ಅಂತ ಬಡಿದೆ! ಚಕ್ರ ನನ್ನ ಬೂಟಿಂದ ಒಂದು ಗೇಣು ದೂರದಲ್ಲಿ ಹೋಯ್ತು. ಒಂದು ಗೇಣು, ಮಗಳೇ."

ಚಿಜುರು ಓಡಿ ಹೋಗಿ ತನ್ನ ಕಡೆಯ ಕಿಟಕಿ ನೋಡಿದಳು. ಗಾಜಿನ ಮೇಲೆ ಹಳದಿ ಬಣ್ಣದ ಮೂರು ಗೀರು ಒಂದರ ಪಕ್ಕ ಒಂದಿದ್ದವು. ಅವಳಿಗೆ ಮೊದಲು ನಗು ಬಂತು. ತಡೆಯಲಾಗದ, ಹೊಟ್ಟೆ ಹಿಡಿದುಕೊಳ್ಳುವ ನಗು. ಆಮೇಲೆ ಆ ಒಂದು ಗೇಣು ನೆನಪಾಗಿ ಓಗಿಸೊಳ ಬೂಟಿನತ್ತ ತಿರುಗಿ ನೋಡಿದಳು.

ಯಜಮಾನರ ಹಿಗ್ಗು ಮಾತ್ರ ಇಳಿದಿರಲಿಲ್ಲ. ಓಗಿಸೊಗೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು, ಉಸುಯಿಯಿಂದ ಪಂಥದ ಕಥೆ ಕೇಳಿ ತಿಳಿದುಕೊಂಡರು, ಆಮೇಲೆ ಕೈ ಕೊಡವಿದರು. "ಪಂಥ ನಿಮ್ಮಿಬ್ಬರದ್ದು, ನನ್ನದಲ್ಲ. ಮರ ಇರಲಿ ಕಣ್ರೀ! ಹೊಸದು ಅಂತ ಇವತ್ತು ನೋಡಿದ್ವಿ. ವಾರದಲ್ಲಿ ಜನಕ್ಕೆ ಅಭ್ಯಾಸ ಆಗತ್ತೆ, ಯಾರೂ ಅಷ್ಟಾಗಿ ನೋಡಲ್ಲ."

"ಹೌದು ಹೌದು, ಅಭ್ಯಾಸ ಆಗತ್ತೆ," ಎಂದ ತೊಬಿಮಾತ್ಸು.

ಉಸುಯಿ ಅಭ್ಯಾಸದಂತೆ ಚಿಜುರುವಿನ ಕಣ್ಣನ್ನೇ ನೋಡುತ್ತ ನಿಂತ. ಅವಳು ಹೂಂ ಎಂದರೆ ಸಾಕಿತ್ತು. ಎರಡು ಲಕ್ಷ ಮರ.

"ನಂಗೆ ಅಭ್ಯಾಸ ಆಗಿದೆ, ಯಜಮಾನರೇ," ಎಂದಳು ಅವಳು. "ಹತ್ತು ತಿಂಗಳಿಂದ ದಿನಾ ನೋಡಿದೀನಿ. ಒಂದೊಂದು ಎಲೇನೂ ನಾನೇ ಬರೆದಿದ್ದು. ಓಗಿಸೊ ಸಾನ್ ಎಲ್ಲಿ ನಿಂತಿದಾರೆ ಅಂತಾನೂ ನಂಗೊಬ್ಬಳಿಗೇ ಗೊತ್ತಿತ್ತು, ಅವರನ್ನ ನೋಡಬೇಕು ಅಂತಾನೇ ನಾನು ಕೂತಿದ್ದೆ. ಆದ್ರೂ ಕಾಣಲಿಲ್ಲ. ಕಿಟಕಿ ಬಡಿದಿದ್ದನ್ನ ಹಕ್ಕಿ ಕುಕ್ಕಿದ್ದು ಅಂದ್ಕೊಂಡೆ. ತೆಗೆದುಬಿಡೋಣ."

ಯಜಮಾನರ ಮುಖ ಆಟಿಕೆ ಕಿತ್ತುಕೊಂಡ ಮಗುವಿನ ಮುಖವಾಯಿತು. "ಪೂರ್ತಿ?"

"ಪೂರ್ತಿ."

"ನಿಲ್ಲು ನಿಲ್ಲು," ಎಂದಳು ಓಗಿಸೊ, ಟೋಪಿ ತಲೆಗೇರಿಸುತ್ತ. "ನನ್ನ ಸೋಲಿಸಿದ್ದು ಅದ್ಯಾವ ಸುಂದರಿ, ನಾನೂ ಒಂದು ಸಲ ನೋಡಬೇಕು. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ನಿಂತಿದ್ದ ಕಾರಿನಲ್ಲಿ ಅವಳನ್ನು ಕೂರಿಸಿದರು. ಚಿಜುರು ಬಾಗಿಲಿನ ಬಳಿ ಮಂಡಿಯೂರಿ, ಲ್ಯಾಪ್‌ಟಾಪನ್ನು ತಂತಿಯಲ್ಲಿ ಜೋಡಿಸಿ, ಮರವನ್ನು ಮೊದಲಿನಿಂದ ಓಡಿಸಿದಳು. ಹಸಿರು ಕಾಯಿ, ಹಳದಿ, ಕೆಂಪು. ಓಗಿಸೊ ಮೊದಲು ಮೂಗು ಮುರಿದಳು, ಆರನೆಯ ಹಣ್ಣಿಗೆ ಮುಂದೆ ಬಾಗಿದಳು, ಹತ್ತನೆಯದಕ್ಕೆ ಬಾಯಿ ತೆರೆದಳು.

"ಟೀ ತರಿಸಲಾ, ಓಗಿಸೊ ಸಾನ್?" ಎಂದು ಕೇಳಿದಳು ಚಿಜುರು.

ಉತ್ತರವಿಲ್ಲ.

"ಓಗಿಸೊ ಸಾನ್, ಕಾಲು ನೋಯ್ತಿದೆಯಾ?"

ಮೊಣಕಾಲಿನ ಬಗ್ಗೆ ಕೇಳಿದರೂ ಓಗಿಸೊ ಮಾತಾಡಲಿಲ್ಲ! ಉಸುಯಿ ಬೆನ್ನು ತಿರುಗಿಸಿದ, ಅವನ ಭುಜಗಳು ಕುಲುಕುತ್ತಿದ್ದವು. ಪಿಕಳಾರ ಹಾರಿ ಬಂದು ಕೂತಿತು. ಹಳೆಯ ಗೈಡಮ್ಮನ ಕಣ್ಣು ಅಗಲವಾಗಿ, ಕೆನ್ನೆ ಕೆಂಪಾಗಿ, ಮುಖದಲ್ಲಿ ಇಪ್ಪತ್ತರ ಕಳೆ ಬಂತು. ತನ್ನ ಕೆಲಸವನ್ನು ಒಬ್ಬರು ಹೀಗೆ ನೋಡಲಿ ಎಂದೇ ಚಿಜುರು ಹನ್ನೊಂದು ವರ್ಷ ಕಾದಿದ್ದಳು. ಮನಸ್ಸು ತುಂಬುವಷ್ಟು ಅವಳೂ ಆ ಮುಖವನ್ನು ನೋಡಿದಳು. ಸುಖವೂ ಆಯಿತು, ಅಳುವೂ ಬಂತು. ಬೆರಳು ಅಳಿಸುವ ಗುಂಡಿಯನ್ನು ಒತ್ತಿತು.

"ಅಯ್ಯೋ! ಎಲ್ಲಿ ಹೋಯ್ತು?" ಓಗಿಸೊ ಪರದೆಯನ್ನು ತಟ್ಟಿದಳು. "ಏನ್ ಮಾಡ್ದೆ ಮಗಳೇ? ಅದಿನ್ನೂ ತಿಂತಾ ಇತ್ತಲ್ಲ!"

"ಇಳೀರಿ ಓಗಿಸೊ ಸಾನ್," ಎಂದಳು ಚಿಜುರು ಮೂಗು ಒರೆಸಿಕೊಂಡು, ನಗುತ್ತ. "ಟೀ ಬಂದು ಆರಿಹೋಗ್ತಿದೆ."

ಓಗಿಸೊ ತಿರುಗಿ ನೋಡಿ ಬೆಚ್ಚಿದಳು. ಟೀ ಲೋಟ ಹಿಡಿದು ಉಸುಯಿ ಅವಳ ಮೊಣಕೈ ಪಕ್ಕದಲ್ಲೇ ನಿಂತಿದ್ದ.

"ನೀನು ಯಾವಾಗ ಬಂದೆಯೋ?" ಎಂದಳು.